ಒಂದು ಪ್ರಶ್ನೆಗೆ ಮೂರು ಉತ್ತರ: ವ್ಯಾಪಾರ ವರದಿಯೂ ದತ್ತಾಂಶದ ಉಗ್ರಾಣವೂ

ದೊಡ್ಡದೊಂದು ವ್ಯಾಪಾರ ಸಂಸ್ಥೆಯ ಆಡಳಿತ ಮಂಡಳಿಯ ಸಭೆ ಎಂದು ಭಾವಿಸೋಣ. ಕಳೆದ ತಿಂಗಳು ಒಟ್ಟು ಮಾರಾಟ ಎಷ್ಟಾಯಿತೆಂದು ಅಧ್ಯಕ್ಷರ ಪ್ರಶ್ನೆ. ಮಾರಾಟ ವಿಭಾಗದವರು ಒಂದು ಮೊತ್ತ ಹೇಳುತ್ತಾರೆ. ಲೆಕ್ಕಪತ್ರ ವಿಭಾಗದವರ ಕಾಗದದಲ್ಲಿ ಅದಕ್ಕಿಂತ ಕಡಿಮೆ ಮೊತ್ತ. ಗೋದಾಮಿನ ಉಸ್ತುವಾರಿಯವರಲ್ಲಿ ಮೂರನೆಯದೊಂದು. ಮೂವರಲ್ಲಿ ಯಾರೂ ಸುಳ್ಳು ಹೇಳಿದವರಲ್ಲ. ಆರ್ಡರು ಬಂದೊಡನೆ ಮಾರಾಟವಾಯಿತೆಂದು ಒಬ್ಬರು ಬರೆದುಕೊಂಡಿದ್ದಾರೆ. ಬಿಲ್ಲು ಆದ ಮೇಲಷ್ಟೇ ಎಂದು ಇನ್ನೊಬ್ಬರು. ಸರಕು ಲಾರಿಯೇರಿದ ಮೇಲೆ ಎಂದು ಮತ್ತೊಬ್ಬರು. ಮುಂದೇನು ಮಾಡಬೇಕೆಂದು ಯೋಚಿಸಬೇಕಾಗಿದ್ದ ಸಭೆ, ಆದದ್ದೇನೆಂಬ ಚರ್ಚೆಯಲ್ಲೇ ಊಟದ ಹೊತ್ತಿಗೆ ಬಂದು ಮುಟ್ಟುತ್ತದೆ.

ಈ ತೊಡಕನ್ನು ಬಿಡಿಸುವುದಕ್ಕೆಂದೇ ಹುಟ್ಟಿದ ಏರ್ಪಾಡಿಗೆ ಇಂಗ್ಲಿಷಿನಲ್ಲಿ ಡಾಟಾ ವೇರ್‌ಹೌಸ್ ಎಂಬ ಹೆಸರಿದೆ. ನಾವು ದತ್ತಾಂಶದ ಉಗ್ರಾಣ ಎನ್ನೋಣ. ಮದುವೆ ಮನೆಯ ಉಗ್ರಾಣವನ್ನು ಕಂಡವರಿಗೆ ಇದರ ಮರ್ಮ ತಿಳಿಯುವುದು ಕಷ್ಟವಲ್ಲ. ಒಲೆಯ ಬಳಿ ಬೆವರು ಸುರಿಸುತ್ತಿರುವ ಅಡುಗೆಯವರಲ್ಲಿ ಹೋಗಿ, ನಿನ್ನೆಯಿಂದ ಎಷ್ಟು ತೆಂಗಿನಕಾಯಿ ಖರ್ಚಾಯಿತು, ಹೋದ ವರ್ಷದ ಮದುವೆಗಿಂತ ಹೆಚ್ಚೋ ಕಡಿಮೆಯೋ ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ಸಾರು ಉಕ್ಕೀತು. ಲೆಕ್ಕ ಬೇಕಾದರೆ ಉಗ್ರಾಣದಲ್ಲಿ ಕುಳಿತವರನ್ನೇ ಕೇಳಬೇಕು. ಸಂಸ್ಥೆಗಳಲ್ಲಿಯೂ ಹಾಗೆಯೇ. ಕೌಂಟರಿನಲ್ಲಿ ಬಿಲ್ಲು ಹಾಕುವ ಕಂಪ್ಯೂಟರು ಒಲೆಯಿದ್ದಂತೆ. ಅದಕ್ಕೆ ಈ ಗಳಿಗೆಯ ಕೆಲಸ ಮುಖ್ಯ. ಐದು ವರ್ಷಗಳ ವ್ಯಾಪಾರವನ್ನು ಊರುವಾರು ವಿಂಗಡಿಸಿ ಕೊಡೆಂದು ಅದನ್ನೇ ಪೀಡಿಸಿದರೆ ಗಿರಾಕಿಗಳ ಸಾಲು ಬೀದಿಗೆ ಬರುತ್ತದೆ. ಆದುದರಿಂದ ಸಾಮಾನ್ಯವಾಗಿ ರಾತ್ರಿ ವೇಳೆಯಲ್ಲಿ ಎಲ್ಲ ವಿಭಾಗಗಳ ದಾಖಲೆಗಳನ್ನು ಎತ್ತಿಕೊಂಡು, ಕಸಕಡ್ಡಿ ತೆಗೆದು, ಒಂದೇ ಅಳತೆಗೆ ತಂದು, ಬೇರೆಯೇ ಒಂದು ಕಡೆ ಜೋಡಿಸಿಡುತ್ತಾರೆ. ವರದಿಗಳೆಲ್ಲವೂ ಅಲ್ಲಿಂದಲೇ ಹೊರಡಬೇಕು.

ಇದು ನಿನ್ನೆ ಮೊನ್ನೆಯ ವಿದ್ಯೆಯಲ್ಲ. ಇಂಥ ಕೆಲಸಕ್ಕೆಂದೇ ಯಂತ್ರ ಕಟ್ಟಲು ಟೆರಾಡಾಟಾ ಎಂಬ ಕಂಪೆನಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1979ರಲ್ಲಿ ಸ್ಥಾಪನೆಯಾಯಿತು. ಐಬಿಎಂ ಸಂಸ್ಥೆಯ ಬ್ಯಾರಿ ಡೆವ್ಲಿನ್ ಮತ್ತು ಪಾಲ್ ಮರ್ಫಿ ಎಂಬವರು 1988ರಲ್ಲಿ ಆ ಸಂಸ್ಥೆಯ ಪತ್ರಿಕೆಯಲ್ಲಿ ಬರೆದ ಲೇಖನವೊಂದು ವ್ಯಾಪಾರ ದತ್ತಾಂಶದ ಉಗ್ರಾಣವೆಂಬ ಕಲ್ಪನೆಗೆ ಸ್ಪಷ್ಟ ರೂಪ ಕೊಟ್ಟಿತು. 1992ರಲ್ಲಿ ಬಿಲ್ ಇನ್ಮನ್ ಅವರ ಪುಸ್ತಕ ಬಂತು. ಉಗ್ರಾಣದ ದಾಖಲೆ ವಿಷಯಾನುಸಾರ ಜೋಡಣೆಯಾಗಿರಬೇಕು, ಬೇರೆ ಬೇರೆ ಮೂಲಗಳದ್ದು ಒಂದಾಗಿ ಬೆರೆತಿರಬೇಕು, ಕಾಲದ ಗುರುತು ಇರಬೇಕು, ಒಮ್ಮೆ ಇಟ್ಟದ್ದನ್ನು ಅಳಿಸಬಾರದು ಎಂಬ ನಾಲ್ಕು ಲಕ್ಷಣಗಳನ್ನು ಅವರು ಹೇಳಿದರು. ಇಡೀ ಸಂಸ್ಥೆಗೆ ಮೊದಲು ಒಂದೇ ದೊಡ್ಡ ಉಗ್ರಾಣ ಕಟ್ಟಬೇಕೆಂಬುದು ಇನ್ಮನ್ ಪಕ್ಷ. ಒಂದೊಂದೇ ವ್ಯವಹಾರವನ್ನು ಹಿಡಿದು ಕೋಣೆ ಕೋಣೆಯಾಗಿ ಕಟ್ಟುತ್ತಾ ಹೋಗಿ, ಕೋಣೆಗಳಿಗೆ ಸಮಾನವಾದ ಅಳತೆಗೋಲನ್ನು ಮಾತ್ರ ಬಿಡಬೇಡಿ ಎಂಬುದು 1996ರಲ್ಲಿ ಪುಸ್ತಕ ಬರೆದ ರಾಲ್ಫ್ ಕಿಂಬಾಲ್ ಪಕ್ಷ. ಈ ಎರಡು ಪಕ್ಷಗಳ ವಾದ ಇನ್ನೂ ಮುಗಿದಿಲ್ಲ.

ಉಗ್ರಾಣದ ಮಹಿಮೆ ಹೇಳುವವರು ತಪ್ಪದೆ ಎತ್ತುವ ಕತೆ ಅಮೆರಿಕದ ವಾಲ್‌ಮಾರ್ಟ್ ಅಂಗಡಿಗಳದು. 2004ರಲ್ಲಿ ಫ್ರಾನ್ಸಿಸ್ ಎಂಬ ಚಂಡಮಾರುತ ಫ್ಲೋರಿಡಾದತ್ತ ಬರುತ್ತಿದ್ದಾಗ, ಕೆಲವೇ ವಾರಗಳ ಹಿಂದೆ ಬೀಸಿದ್ದ ಚಾರ್ಲಿ ಚಂಡಮಾರುತದ ಮುನ್ನಾ ದಿನಗಳಲ್ಲಿ ಜನ ಏನನ್ನು ಕೊಂಡಿದ್ದರೆಂದು ಆ ಸಂಸ್ಥೆಯವರು ತಮ್ಮ ಉಗ್ರಾಣವನ್ನು ಕೇಳಿದರು. ಟಾರ್ಚು ಹೆಚ್ಚು ಮಾರಾಟವಾಗುತ್ತದೆಂದು ಹೇಳಲು ಕಂಪ್ಯೂಟರು ಬೇಕಿಲ್ಲ. ಆದರೆ ಸ್ಟ್ರಾಬೆರಿ ಹಣ್ಣಿನ ರುಚಿಯ ಪಾಪ್‌ಟಾರ್ಟ್ ಎಂಬ ತಿಂಡಿಯ ಮಾರಾಟ ವಾಡಿಕೆಯ ಏಳು ಪಟ್ಟು ಏರುತ್ತದೆಂದೂ, ಎಲ್ಲಕ್ಕಿಂತ ಹೆಚ್ಚು ಖರ್ಚಾಗುವ ಸರಕು ಬಿಯರ್ ಎಂದೂ ತಿಳಿದುಬಂತು. ಲಾರಿಗಳು ಅದನ್ನೇ ಹೊತ್ತು ಹೊರಟವು. ಆಗ ಆ ಉಗ್ರಾಣದಲ್ಲಿದ್ದ ದಾಖಲೆ 460 ಟೆರಾಬೈಟು; ಒಂದು ಟೆರಾಬೈಟೆಂದರೆ ಇಂಗ್ಲಿಷಿನ ಒಂದು ಲಕ್ಷ ಕೋಟಿ ಅಕ್ಷರಗಳಷ್ಟು.

ಕತೆ ಸೊಗಸಾಗಿದೆ. ಆದರೆ ಇದನ್ನು ಕೇಳಿ ಮರುದಿನವೇ ಯಂತ್ರ ಕೊಳ್ಳಲು ಹೊರಟವರು ಅದರ ಹಿಂದಿನ ಸಂಗತಿಯನ್ನು ಗಮನಿಸಿಲ್ಲವೆಂದೇ ನಮ್ಮ ಅಭಿಪ್ರಾಯ. ಅಲ್ಲಿ ಎಲ್ಲ ಅಂಗಡಿಗಳಲ್ಲೂ ಒಂದು ಪೊಟ್ಟಣಕ್ಕೆ ಒಂದೇ ಸಂಖ್ಯೆ. ಪೊಟ್ಟಣದ ಮೇಲಿನ ಕಪ್ಪು ಗೆರೆಗಳು 1974ರಿಂದಲೇ ಅಮೆರಿಕದ ಅಂಗಡಿಗಳಲ್ಲಿ ಆ ಕೆಲಸ ಮಾಡುತ್ತಿದ್ದವು. ಸರಕಿನ ಹೆಸರಿನ ಬಗ್ಗೆ ಜಗಳವಿಲ್ಲದ ಕಡೆ ಉಗ್ರಾಣ ಬೇಗ ಫಲ ಕೊಡುತ್ತದೆ.

ಹೊಸತು ಯಾವಾಗ ಹಳತಾಗುತ್ತದೆ?

ನಮ್ಮ ಅಡಿಕೆಯನ್ನೇ ತೆಗೆದುಕೊಳ್ಳೋಣ. ಹತ್ತು ಕಡೆ ಶಾಖೆಯಿರುವ ಅಡಿಕೆ ವ್ಯಾಪಾರದ ಸಂಸ್ಥೆಯೊಂದು ಉಗ್ರಾಣ ಕಟ್ಟಲು ಹೊರಟಿತೆನ್ನಿ. ಹೊಸ ಚಾಲಿ ಎಷ್ಟು, ಹಳತು ಎಷ್ಟು, ಡಬ್ಬಲ್ ಚೋಲ್ ಎಷ್ಟು ಎಂದು ವರದಿ ಬರಬೇಕು. ಪ್ರಶ್ನೆ ಸರಳ. ಆದರೆ ಹೊಸತು ಯಾವ ದಿನದಿಂದ ಹಳತಾಗುತ್ತದೆ? ಒಂದು ಶಾಖೆಯಲ್ಲಿ ಹೊಸ ಫಸಲು ಅಂಗಳದಿಂದ ಏಳುತ್ತಲೇ ಹಿಂದಿನದು ಹಳತು. ಇನ್ನೊಂದರಲ್ಲಿ ಲೆಕ್ಕದ ವರ್ಷ ಮುಗಿದ ಮೇಲೆ. ಗೋದಾಮಿನಲ್ಲಿ ಕುಳಿತ ಅಡಿಕೆಗೆ ತಾನು ಹಳತಾದದ್ದು ತಿಳಿಯುವುದಿಲ್ಲ, ಯಾರಾದರೂ ಬರೆಯಬೇಕು. ಪಟೋರ, ಉಳ್ಳಿಗಡ್ಡೆ, ಕರಿಗೋಟುಗಳನ್ನು ಆರಿಸುವ ಕಣ್ಣೂ ಶಾಖೆಯಿಂದ ಶಾಖೆಗೆ ಒಂದಿಷ್ಟು ಬೇರೆಯೇ. ಒಬ್ಬರು ಪಟೋರಕ್ಕೆ ಹಾಕಿದ್ದನ್ನು ಇನ್ನೊಬ್ಬರು ಚಾಲಿಯಲ್ಲೇ ಬಿಟ್ಟಾರು. ಎಂಥ ದುಬಾರಿ ಯಂತ್ರ ತಂದರೂ ಈ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. ಹತ್ತು ಶಾಖೆಯವರೂ ಒಂದು ಚಾಪೆಯ ಮೇಲೆ ಕುಳಿತು ನಿರ್ಣಯ ಮಾಡಿ, ಅದನ್ನು ಬರೆದಿಟ್ಟು, ಬರೆದಂತೆ ನಡೆಯಬೇಕು. ಉಗ್ರಾಣ ಕಟ್ಟುವ ಕೆಲಸದಲ್ಲಿ ಹೆಚ್ಚಿನ ಕಾಲ ಹೋಗುವುದೂ, ಹಲವು ಯೋಜನೆಗಳು ಮಗುಚಿ ಬೀಳುವುದೂ ಇಲ್ಲಿಯೇ. ಯಾಕೆಂದರೆ ನಿರ್ಣಯವಾದಾಗ ಯಾವುದೋ ಒಂದು ಶಾಖೆಯ ಸಾಧನೆ ಕಾಗದದಲ್ಲಿ ಕುಗ್ಗಿ ಕಾಣುತ್ತದೆ. ಕುಗ್ಗಿದವರು ಸುಮ್ಮನಿರುತ್ತಾರೆಯೇ?

ಕಾಲದ ಗುರುತು ಎಂದು ಹೇಳಿದೆವಷ್ಟೆ. ಅದಕ್ಕೆ ಉದಾಹರಣೆಯನ್ನು ಪರದೇಶದಲ್ಲಿ ಹುಡುಕಬೇಕಾಗಿಲ್ಲ, ನಮ್ಮ ಕಾಲ ಕೆಳಗಿನ ನೆಲವೇ ಸಾಕು. 1956ರ ಅಕ್ಟೋಬರ್ ಕೊನೆಯವರೆಗೆ ಕಾಸರಗೋಡು ದಕ್ಷಿಣ ಕನ್ನಡದ ತಾಲೂಕು. ನವೆಂಬರ್ 1ರಿಂದ ಕೇರಳ. ಬಳಿಕ ಕಣ್ಣೂರು ಜಿಲ್ಲೆ. 1984ರ ಮೇ 24ರಿಂದ ಪ್ರತ್ಯೇಕ ಕಾಸರಗೋಡು ಜಿಲ್ಲೆ. ಈಗ ಒಬ್ಬರು, 1980ರಿಂದ 1990ರ ತನಕ ಕಣ್ಣೂರು ಜಿಲ್ಲೆಯಲ್ಲಿ ವ್ಯಾಪಾರ ಏರಿತೇ ಇಳಿಯಿತೇ ಎಂದು ಕೇಳಿದರೆ ಏನು ಹೇಳುವುದು? ಆಯಾ ಕಾಲದ ಗಡಿಯಂತೆ ಲೆಕ್ಕ ಹಾಕಿದರೆ 1984ರಲ್ಲಿ ಕಣ್ಣೂರಿನ ವ್ಯಾಪಾರ ಥಟ್ಟನೆ ಕುಸಿದಂತೆ ಕಾಣುತ್ತದೆ. ಅಂಗಡಿಗಳೆಲ್ಲ ಇದ್ದಲ್ಲೇ ಇವೆ, ಕುಸಿದದ್ದು ಏನೂ ಇಲ್ಲ. ಇಂದಿನ ಗಡಿಯಂತೆ ಹಿಂದಿನದನ್ನೂ ತಿದ್ದಿದರೆ ಗೆರೆ ನೇರವಾಗುತ್ತದೆ, ಆದರೆ ಆ ವರ್ಷ ಅಚ್ಚಾದ ವರದಿಯೊಂದಿಗೆ ತಾಳೆಯಾಗುವುದಿಲ್ಲ. ಒಳ್ಳೆಯ ಉಗ್ರಾಣ ಎರಡನ್ನೂ ಇಟ್ಟುಕೊಂಡಿರುತ್ತದೆ. ಯಾವ ಊರು ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಯಾವ ಜಿಲ್ಲೆಯಲ್ಲಿತ್ತು ಎಂಬುದನ್ನು ಸಾಲುಸಾಲಾಗಿ ಬರೆದಿರುತ್ತದೆ. ನಿಧಾನವಾಗಿ ಬದಲಾಗುವ ಸಂಗತಿಗಳಿಗೆ ಕಿಂಬಾಲ್ ಸೂಚಿಸಿದ ಉಪಾಯಗಳಲ್ಲಿ ಇದೂ ಒಂದು.

ಇನ್ನು ಖರ್ಚಿನ ಮಾತು. ಹಿಂದೆ ಯಂತ್ರವನ್ನೇ ಕೊಂಡು ತಂಪು ಕೋಣೆಯಲ್ಲಿ ಇರಿಸಬೇಕಾಗಿತ್ತು. ಈಗ ಅಂತರ್ಜಾಲದ ಮೂಲಕ ಬಾಡಿಗೆಗೆ ಸಿಗುತ್ತದೆ, ಬಳಸಿದಷ್ಟಕ್ಕೆ ಹಣ. ಅಗ್ಗವೆಂದು ನಂಬಿ, ಅಗತ್ಯವಿಲ್ಲದ ವರದಿಗಳನ್ನು ಗಳಿಗೆಗೊಮ್ಮೆ ತೆಗೆಯುವ ಅಭ್ಯಾಸವಾದರೆ ತಿಂಗಳ ಕೊನೆಗೆ ಬಿಲ್ಲು ಕಂಡು ಎದೆ ಹಿಡಿದುಕೊಳ್ಳಬೇಕಾದೀತು. ಐದಾರು ಶಾಖೆಯ ಸಹಕಾರಿ ಸಂಘಕ್ಕೆ ಇಂಥದ್ದು ಬೇಕೇ ಎಂದು ಕೇಳಿದರೆ, ಬೇಡವೆಂದೇ ಹೇಳುತ್ತೇವೆ. ಅಚ್ಚುಕಟ್ಟಾದ ಒಂದು ಲೆಕ್ಕದ ಪುಸ್ತಕ ಸಾಕು. ಬೇಕೇಬೇಕೆನ್ನುವ ದೊಡ್ಡ ಸಂಸ್ಥೆಗಳು ಒಂದೇ ಪ್ರಶ್ನೆಯಿಂದ ಆರಂಭಿಸುವುದು ಕ್ಷೇಮ. ಹಳೆಯ ವರದಿಯನ್ನು ಕೂಡಲೇ ನಿಲ್ಲಿಸದೆ ಹೊಸತರ ಜೊತೆಗೆ ಕೆಲವು ತಿಂಗಳು ನಡೆಸಿ, ವ್ಯತ್ಯಾಸ ಬಂದಲ್ಲೆಲ್ಲ ಕಾರಣ ಹುಡುಕಬೇಕು. ಹಳೆಯದೇ ತಪ್ಪಾಗಿತ್ತೆಂದು ತಿಳಿದುಬರುವುದೂ ಉಂಟು.

ಬ್ಯಾಂಕುಗಳು ಮತ್ತು ನಮ್ಮ ಹೆಸರುಗಳು

ಇಷ್ಟೆಲ್ಲ ಕಂಪೆನಿಗಳ ಒಳಮನೆಯ ವಿಚಾರ, ನಮಗೇನು ಎಂದು ವಾಚಕರು ಕೇಳಬಹುದು. ಬ್ಯಾಂಕಿನಲ್ಲಿ ಖಾತೆಯಿರುವ ಎಲ್ಲರಿಗೂ ಇದರ ಬಿಸಿ ತಗಲುತ್ತದೆ.

2008ರ ಸೆಪ್ಟೆಂಬರ್ 15ರಂದು ನ್ಯೂಯಾರ್ಕಿನ ಲೆಹ್ಮನ್ ಬ್ರದರ್ಸ್ ದಿವಾಳಿಯೆದ್ದಾಗ, ಆ ಒಂದು ಸಂಸ್ಥೆಯಿಂದ ತಮಗೆ ಬರಬೇಕಾದ್ದು ಒಟ್ಟು ಎಷ್ಟೆಂದು ಬೇಗನೆ ಹೇಳಲು ಜಗತ್ತಿನ ಅನೇಕ ದೊಡ್ಡ ಬ್ಯಾಂಕುಗಳಿಗೆ ಆಗಲಿಲ್ಲ. ಒಂದೊಂದು ದೇಶದ ಶಾಖೆಯಲ್ಲಿ, ಒಂದೊಂದು ವಿಭಾಗದಲ್ಲಿ ಬೇರೆ ಬೇರೆ ಲೆಕ್ಕ. ಇದರಿಂದ ಪಾಠ ಕಲಿತು, ಬ್ಯಾಂಕುಗಳ ಮೇಲ್ವಿಚಾರಣೆಯ ಬಾಸೆಲ್ ಸಮಿತಿ 2013ರ ಜನವರಿಯಲ್ಲಿ ಅಪಾಯದ ಲೆಕ್ಕ ಒಟ್ಟುಗೂಡಿಸುವ ಬಗ್ಗೆ 14 ತತ್ತ್ವಗಳನ್ನು ಪ್ರಕಟಿಸಿತು. ಅತಿ ದೊಡ್ಡ ಬ್ಯಾಂಕುಗಳಿಗೆ 2016ರ ಜನವರಿಯ ಗಡುವು. 2023ರಲ್ಲಿ ಸಮಿತಿ ಪರಿಶೀಲಿಸಿದ 31 ಬ್ಯಾಂಕುಗಳ ಪೈಕಿ ಎಲ್ಲ ತತ್ತ್ವಗಳನ್ನೂ ಪೂರ್ತಿಯಾಗಿ ಪಾಲಿಸಿದವು 2 ಮಾತ್ರ! ಹಣಕ್ಕೂ ಯಂತ್ರಕ್ಕೂ ಕೊರತೆಯಿಲ್ಲದ ಮನೆಗಳವು.

ನಮ್ಮ ರಿಸರ್ವ್ ಬ್ಯಾಂಕ್ 2004ರಲ್ಲಿ ತನ್ನ ಅಂಕಿಅಂಶಗಳ ಉಗ್ರಾಣವನ್ನು ಸಾರ್ವಜನಿಕರಿಗೆ ತೆರೆಯಿತು. ಬ್ಯಾಂಕುಗಳು ತನಗೆ ಕಳುಹಿಸುವ ವರದಿಗಳನ್ನು ಗುಮಾಸ್ತರು ಕೈಯಿಂದ ತುಂಬಿಸದೆ, ಒಂದು ಕೇಂದ್ರ ಸಂಗ್ರಹದಿಂದ ತಾನಾಗಿ ಹರಿದು ಬರುವಂತೆ ಮಾಡಬೇಕೆಂದು 2010ರಲ್ಲಿ ಕಾರ್ಯಸೂಚಿ ಹೊರಡಿಸಿತು. 2023ರ ಜೂನ್ 30ರಂದು ಹೊಸ ಕೇಂದ್ರೀಕೃತ ಮಾಹಿತಿ ವ್ಯವಸ್ಥೆಯನ್ನೂ ಆರಂಭಿಸಿತು.

ಇದೇ ಅವಧಿಯಲ್ಲಿ ನಮ್ಮ ಕರಾವಳಿಯ ಬ್ಯಾಂಕುಗಳು ವಿಲೀನಗೊಂಡವು. 2019ರ ಎಪ್ರಿಲ್ 1ರಂದು ವಿಜಯಾ ಬ್ಯಾಂಕ್ ಬರೋಡಾ ಬ್ಯಾಂಕಿನೊಡನೆ. ಮರುವರ್ಷ ಅದೇ ದಿನ ಸಿಂಡಿಕೇಟ್ ಬ್ಯಾಂಕ್ ಕೆನರಾದೊಡನೆ, ಕಾರ್ಪೊರೇಶನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನೊಡನೆ. 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿ ಮನೆಮನೆಯಿಂದ ಬಿಡಿಕಾಸು ಸಂಗ್ರಹಿಸಿದ ಸಿಂಡಿಕೇಟ್ ಬ್ಯಾಂಕಿನ ಹೆಸರು ಬೋರ್ಡಿನಿಂದ ಇಳಿದಾಗ ಬೇಸರಪಟ್ಟವರು ನಮ್ಮಲ್ಲಿ ಬಹಳ ಮಂದಿ. ಬೋರ್ಡು ಬದಲಿಸಲು ಒಂದು ದಿನ ಸಾಕು. ಎರಡು ಬ್ಯಾಂಕಿನ ಗಿರಾಕಿಗಳನ್ನು ಒಂದೇ ಪಟ್ಟಿಗೆ ತರುವುದು ಹಾಗಲ್ಲ. ಎರಡರಲ್ಲೂ ಖಾತೆಯಿದ್ದ ಒಬ್ಬ ಕೃಷಿಕರು ಹೊಸ ಪಟ್ಟಿಯಲ್ಲಿ ಒಬ್ಬರೋ ಇಬ್ಬರೋ?

ಗಡಿನಾಡಿನವರಾದ ನಮಗೆ ಈ ಪ್ರಶ್ನೆ ಬೇರೆಯವರಿಗಿಂತ ಕಠಿಣ. ಶಾಲೆಯ ಸರ್ಟಿಫಿಕೇಟಿನಲ್ಲಿ ಹೆಸರು ಕನ್ನಡದ ಉಚ್ಚಾರದಂತೆ, ರೇಶನ್ ಕಾರ್ಡಿನಲ್ಲಿ ಮಲಯಾಳದ ರೂಢಿಯಂತೆ, ಪಾಸ್‌ಬುಕ್ಕಿನಲ್ಲಿ ಬರೆದುಕೊಂಡ ಗುಮಾಸ್ತರ ಇಂಗ್ಲಿಷಿನಂತೆ. ರಾಮ ರಾಮನ್ ಆಗುತ್ತಾನೆ. ಭಟ್ ಒಂದು ಟಿಯೋ ಎರಡು ಟಿಯೋ ಎಂಬುದು ಬರೆದವರ ಚಿತ್ತ. ಇನಿಶಿಯಲ್ ತಂದೆಯದೋ ಮನೆತನದ್ದೋ ಊರಿನದೋ ಹೊರಗಿನವರಿಗೆ ತಿಳಿಯದು. ಊರಾದರೂ ನಿಂತಲ್ಲಿ ನಿಂತಿದೆಯೇ? ಮಂಜೇಶ್ವರ ಒಂದು ಕಾಗದದಲ್ಲಿ ಮಂಜೇಶ್ವರಂ, ಬದಿಯಡ್ಕ ಇನ್ನೊಂದರಲ್ಲಿ ಬದಿಯಡುಕ್ಕ.

ಹೆಸರು ಹೊಂದಿಸಲು ಕಂಪ್ಯೂಟರುಗಳು ಬಳಸುತ್ತ ಬಂದ ಹಳೆಯ ಸೂತ್ರವೊಂದಕ್ಕೆ ಸೌಂಡೆಕ್ಸ್ ಎಂದು ಹೆಸರು. 1918ರಲ್ಲಿ ಅಮೆರಿಕದಲ್ಲಿ ಅದಕ್ಕೆ ಪೇಟೆಂಟ್ ದೊರೆಯಿತು. ಮೊದಲ ಅಕ್ಷರವನ್ನು ಹಾಗೆಯೇ ಉಳಿಸಿ, ಉಳಿದ ವ್ಯಂಜನಗಳನ್ನು ಅಂಕಿಗಳಾಗಿಸಿ, ಸ್ವರಗಳನ್ನು ಬಿಟ್ಟುಬಿಡುವುದು ಅದರ ಕ್ರಮ. ಇಂಗ್ಲಿಷಿನವರ ಹೆಸರುಗಳಿಗೆ ಮಾಡಿದ್ದು. ಅದರಂತೆ ರೈ ಮತ್ತು ರಾವ್ ಒಂದೇ! ಈಶ್ವರನನ್ನು ಇಂಗ್ಲಿಷಿನ ಇ ಅಕ್ಷರದಿಂದ ಬರೆದರೆ ಒಬ್ಬ, ಐ ಅಕ್ಷರದಿಂದ ಬರೆದರೆ ಬೇರೊಬ್ಬ. ರಾಮನೂ ರಾಮನ್‌ನೂ ಬೇರೆ ಬೇರೆ. ಇದಕ್ಕಿಂತ ಜಾಣ ಸೂತ್ರಗಳು ಈಗ ಬಂದಿವೆ. ಪಾನ್ ಸಂಖ್ಯೆ, 14 ಅಂಕಿಯ ಕೇಂದ್ರ ಕೆವೈಸಿ ಸಂಖ್ಯೆಗಳ ನೆರವೂ ಇದೆ. ಆದರೆ ಹಳೆಯ ಖಾತೆಗಳಲ್ಲಿ ಈ ಸಂಖ್ಯೆಗಳು ಇಲ್ಲದಿದ್ದಾಗ ಮತ್ತೆ ಹೆಸರಿಗೇ ಮರಳಬೇಕು. ಒಬ್ಬರು ಇಬ್ಬರಾದರೆ ಸಾಲದ ಮಿತಿಯ ಲೆಕ್ಕ ತಪ್ಪುತ್ತದೆ, ವರದಿಯಲ್ಲಿ ಗಿರಾಕಿಗಳು ಸುಮ್ಮನೆ ಹೆಚ್ಚುತ್ತಾರೆ. ಇಬ್ಬರು ಒಬ್ಬರಾದರೆ ಇನ್ನೂ ಕೇಡು: ಒಬ್ಬರ ಸುಸ್ತಿ ಸಾಲ ಇನ್ನೊಬ್ಬರ ಹೆಸರಿಗೆ ಅಂಟಿಕೊಳ್ಳುತ್ತದೆ, ಅದನ್ನು ಬಿಡಿಸಿಕೊಳ್ಳಲು ಆ ಮನುಷ್ಯ ಶಾಖೆಗೂ ಕೇಂದ್ರ ಕಚೇರಿಗೂ ಅಲೆಯಬೇಕು.

ಆದಕಾರಣ ಎರಡು ದಾಖಲೆಗಳನ್ನು ಬೆಸೆಯುವಾಗ ಮೂಲದ ಎರಡನ್ನೂ ಅಳಿಸದೆ ಇಡಬೇಕು, ಬೇಕೆಂದಾಗ ಬಿಡಿಸಲು ಬರುವಂತಿರಬೇಕು. ಸಂಶಯವುಳ್ಳ ಹೆಸರುಗಳ ಪಟ್ಟಿಯನ್ನು ಮುಂಬಯಿಯಲ್ಲೋ ಬೆಂಗಳೂರಿನಲ್ಲೋ ಇತ್ಯರ್ಥ ಮಾಡದೆ ಶಾಖೆಗೆ ಕಳುಹಿಸಬೇಕು. ಬದಿಯಡ್ಕವೂ ಬದಿಯಡುಕ್ಕವೂ ಒಂದೇ ಊರೆಂದು, ರೈಗಳೂ ರಾವ್‌ಗಳೂ ಒಂದೇ ಮನೆಯವರಲ್ಲವೆಂದು ಬಲ್ಲವರು ಒಬ್ಬರಾದರೂ ಆ ಶಾಖೆಯ ಮೇಜಿನ ಹಿಂದೆ ಕುಳಿತಿರಬೇಕು.