ಮನೆಯೊಳಗಿನ ತೈಲಕುಲುಮೆ ಮತ್ತು ಅದರ ಸುರಕ್ಷಿತ ಸ್ಥಾಪನೆ

ಅಮೆರಿಕ ಸಂಯುಕ್ತ ಸಂಸ್ಥಾನಗಳ ಈಶಾನ್ಯ ಭಾಗದಲ್ಲಿ, ಅಂದರೆ ಮೇನ್, ಮ್ಯಾಸಚೂಸೆಟ್ಸ್, ಕನೆಕ್ಟಿಕಟ್, ನ್ಯೂಯಾರ್ಕ್ ಮೊದಲಾದ ಸಂಸ್ಥಾನಗಳಲ್ಲಿ, ಚಳಿಗಾಲವೆಂಬುದು ನಾವು ಇಲ್ಲಿ ಕಂಬಳಿ ಹೊದ್ದು ಕಳೆಯುವ ಮಾಗಿಯ ಚಳಿಯಂಥದಲ್ಲ. ಅಲ್ಲಿ ಉಷ್ಣಮಾನವು ಶೂನ್ಯಕ್ಕಿಂತ ಕೆಳಗಿಳಿದು ದಿನಗಟ್ಟಲೆ ಮೇಲೇಳದಿರುವುದುಂಟು. ಮನೆಯೊಳಗೆ ಶಾಖವಿಲ್ಲವಾದರೆ ಗೋಡೆಯಲ್ಲಿನ ನಳಗಳ ನೀರು ಹೆಪ್ಪುಗಟ್ಟಿ ನಳಗಳೇ ಸೀಳುತ್ತವೆ. ಮನುಷ್ಯನ ಪಾಡನ್ನು ಬೇರೆ ಹೇಳಬೇಕಾಗಿಲ್ಲ. ಆದುದರಿಂದ ಮನೆಯನ್ನು ಬೆಚ್ಚಗಿಡುವ ಯಂತ್ರವು ಅಲ್ಲಿ ಭೋಗಸಾಮಗ್ರಿಯಲ್ಲ, ಜೀವಧಾರಣೆಯ ಸಾಧನ. ನೈಸರ್ಗಿಕ ಅನಿಲದ ಕೊಳವೆಗಳು ತಲುಪದ ಊರುಗಳಲ್ಲಿ ಈ ಯಂತ್ರವು ಬಹುಮಟ್ಟಿಗೆ ಎಣ್ಣೆಯಿಂದ ಉರಿಯುತ್ತದೆ. ಇಡೀ ದೇಶದಲ್ಲಿ ಸುಮಾರು 50 ಲಕ್ಷ ಮನೆಗಳು ಹೀಗೆ ಎಣ್ಣೆಯ ಶಾಖವನ್ನು ಅವಲಂಬಿಸಿದ್ದು, ಅವುಗಳಲ್ಲಿ ಹೆಚ್ಚಿನವು ಈಶಾನ್ಯ ಭಾಗದಲ್ಲಿಯೇ ಇವೆ. ಮೇನ್ ಸಂಸ್ಥಾನದಲ್ಲಂತೂ ಸುಮಾರು ಅರ್ಧದಷ್ಟು ಮನೆಗಳಿಗೆ ಇದೇ ಆಧಾರ.

ವಿದ್ಯಾಸಂಸ್ಥೆಯ ಸ್ಮರಣ ಸಂಪುಟದಲ್ಲಿ ಈ ವಿಷಯವೇಕೆ ಎಂಬ ಪ್ರಶ್ನೆ ವಾಚಕರಲ್ಲಿ ಮೂಡುವುದು ಸಹಜ. ಶ್ರೀಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿದ ಅನೇಕರು ಇಂದು ಆ ಸೀಮೆಯಲ್ಲಿ ಮನೆ ಕೊಂಡು ನೆಲೆಸಿದ್ದಾರೆ. ಅವರ ತಂದೆ ತಾಯಿಗಳು ಮೊಮ್ಮಕ್ಕಳನ್ನು ನೋಡಲೆಂದು ಹೋಗಿ ಆರಾರು ತಿಂಗಳು ಇದ್ದು ಬರುತ್ತಾರೆ. ಕೊಂಡ ಮನೆಯ ನೆಲಮಾಳಿಗೆಯಲ್ಲಿ ಗುಂಯ್‌ಗುಡುವ ಕಬ್ಬಿಣದ ಪೆಟ್ಟಿಗೆಯೊಂದು ಇರುತ್ತದೆ. ಅದರ ಒಳಹೊರಗನ್ನು ಬಲ್ಲವರು ಕಡಿಮೆ. ಅದು ಸರಿಯಾಗಿ ಸ್ಥಾಪಿತವಾಗಿದ್ದರೆ ಮೂವತ್ತು ವರ್ಷ ತಕರಾರಿಲ್ಲದೆ ದುಡಿಯಬಲ್ಲದು. ತಪ್ಪಾಗಿ ಸ್ಥಾಪಿತವಾಗಿದ್ದರೆ ಮಲಗಿದವರು ಮಲಗಿದಂತೆಯೇ ಉಳಿಯಬಹುದು.

ಕುಲುಮೆ ಎಂದೊಡನೆ ನಮ್ಮ ಕಣ್ಣಿಗೆ ಕಮ್ಮಾರನ ತಿದಿ, ಇದ್ದಿಲು, ಕೆಂಡಗಳು ಕಟ್ಟುತ್ತವೆ. ತೈಲಕುಲುಮೆಯಲ್ಲಿಯೂ ತತ್ತ್ವ ಅದೇ. ತಿದಿಯ ಬದಲು ವಿದ್ಯುತ್ ಪಂಖವಿದೆ, ಇದ್ದಿಲಿನ ಬದಲು ಎಣ್ಣೆಯ ಮಂಜು ಇದೆ. ಚಿಕ್ಕ ಪಂಪೊಂದು ಎಣ್ಣೆಯನ್ನು ಚದರ ಅಂಗುಲಕ್ಕೆ 100 ಪೌಂಡು ಅಥವಾ ಅದಕ್ಕೂ ಮಿಗಿಲಾದ ಒತ್ತಡದಲ್ಲಿ ಸೂಜಿಮೊನೆಯಷ್ಟು ಸಣ್ಣ ರಂಧ್ರದ ಮೂಲಕ ಚಿಮ್ಮಿಸುತ್ತದೆ. ಮಂಜಿನಂತೆ ಹರಡಿದ ಆ ಎಣ್ಣೆಗೆ ಸುಮಾರು 10,000 ವೋಲ್ಟಿನ ಕಿಡಿ ತಗುಲಿ ಜ್ವಾಲೆ ಏಳುತ್ತದೆ. ಈ ಜ್ವಾಲೆಯ ಬಿಸಿ ಹೊಗೆಯು ಉಕ್ಕಿನ ಗೋಡೆಯ ಒಂದು ಮಗ್ಗುಲಲ್ಲಿ ಹರಿಯುತ್ತದೆ. ಇನ್ನೊಂದು ಮಗ್ಗುಲಲ್ಲಿ ಮನೆಯ ಗಾಳಿ ಹರಿದು, ಬಿಸಿಯಾಗಿ, ತಗಡಿನ ನಾಳಗಳ ಮೂಲಕ ಕೋಣೆ ಕೋಣೆಗೂ ಹೋಗುತ್ತದೆ. ಗಾಳಿಯ ಬದಲು ನೀರನ್ನು ಕಾಯಿಸುವ ಯಂತ್ರವಾದರೆ ಅದಕ್ಕೆ ಬಾಯ್ಲರ್ ಎಂದು ಹೆಸರು. ಹೊಗೆ ಮತ್ತು ಮನೆಯ ಗಾಳಿ ಇವೆರಡೂ ಒಂದೇ ಪೆಟ್ಟಿಗೆಯೊಳಗೆ ಅಂಗುಲದ ಅಂತರದಲ್ಲಿದ್ದರೂ ಎಂದೆಂದಿಗೂ ಬೆರೆಯಕೂಡದು. ಆ ಉಕ್ಕಿನ ಗೋಡೆಯಲ್ಲಿ ಬಿರುಕು ಬಿಟ್ಟ ಕುಲುಮೆಯನ್ನು ದುರಸ್ತಿಯ ಮಾತಾಡದೆ ತೆಗೆದುಹಾಕುವುದೇ ಸರಿ.

ಉರಿಯನ್ನು ಹೊತ್ತಿಸುವುದು ಸುಲಭ. ಉರಿಗೆ ಉಸಿರಾಟ ಒದಗಿಸುವುದು ಕಷ್ಟ. ಸ್ಥಾಪನೆಯ ಕೆಲಸದಲ್ಲಿ ಮುಕ್ಕಾಲು ಪಾಲು ಇದೇ ಆಗಿದೆ. ಒಂದು ಲೀಟರು ಎಣ್ಣೆ ಪೂರ್ತಿಯಾಗಿ ಉರಿಯಲು ಸುಮಾರು 10 ಘನ ಮೀಟರು ಗಾಳಿ ಬೇಕು. ಹಾಗೆ ಉರಿದಾಗ ಇಂಗಾಲದ ಡೈಆಕ್ಸೈಡಿನೊಡನೆ ಹೆಚ್ಚುಕಡಿಮೆ ಒಂದು ಲೀಟರಿನಷ್ಟು ನೀರೂ ಆವಿಯಾಗಿ ಹೊರಡುತ್ತದೆಂಬುದು ಅನೇಕರಿಗೆ ಆಶ್ಚರ್ಯದ ಸಂಗತಿ. ಗಾಳಿ ಸಾಲದಾದರೆ ಒಂದೆಡೆ ಮಸಿ ಹುಟ್ಟುತ್ತದೆ. ಇನ್ನೊಂದೆಡೆ ಇಂಗಾಲದ ಮಾನಾಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ಮಸಿ ಕಣ್ಣಿಗೆ ಕಾಣುತ್ತದೆ. ಈ ಅನಿಲಕ್ಕಾದರೋ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೊಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾಗಿ ಇದನ್ನು ಅಪ್ಪಿಕೊಳ್ಳುತ್ತದೆ. ತಲೆನೋವು, ವಾಕರಿಕೆ, ಜೋಂಪು ಇವು ಮೊದಲ ಲಕ್ಷಣಗಳಾದ್ದರಿಂದ ಜನರು ನೆಗಡಿ ಜ್ವರವೆಂದು ತಿಳಿದು ಮಲಗಿಬಿಡುತ್ತಾರೆ. ನಮ್ಮ ನಾಡಿನಲ್ಲಿಯೂ ಕಿಟಕಿ ಮುಚ್ಚಿದ ಬಚ್ಚಲುಮನೆಯಲ್ಲಿ ಗ್ಯಾಸ್ ಗೀಸರ್ ಉರಿಸಿ ಪ್ರಾಣ ಕಳೆದುಕೊಂಡವರ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ಕೊಲ್ಲುವ ಅನಿಲ ಅಲ್ಲಿಯೂ ಇಲ್ಲಿಯೂ ಒಂದೇ.

ನಮ್ಮ ಹಿರಿಯರು ಅಡಿಗೆಮನೆಯ ಮಾಳಿಗೆಯಲ್ಲಿ ಬೆಳಕಿಂಡಿ ಬಿಡುತ್ತಿದ್ದುದು ಬೆಳಕಿಗಾಗಿ ಮಾತ್ರವಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಕೇಂದ್ರದವರು ರೂಪಿಸಿದ ಅಸ್ತ್ರ ಒಲೆಯೂ ಹೊಗೆಗೆ ತನ್ನದೇ ದಾರಿ ಮಾಡಿಕೊಟ್ಟು ಹೆಣ್ಣುಮಕ್ಕಳ ಕಣ್ಣು ಶ್ವಾಸಕೋಶಗಳನ್ನು ಕಾಯಲು ಹೊರಟದ್ದು. ಶೀತದೇಶದ ಮನೆಯ ತೊಡಕೆಂದರೆ, ಶಾಖ ಸೋರದಿರಲೆಂದು ಅದರ ಸಂದುಗೊಂದುಗಳನ್ನೆಲ್ಲ ಬಿಗಿಯಾಗಿ ಮುಚ್ಚಿರುತ್ತಾರೆ. ಅಡಿಗೆಮನೆಯ ಪಂಖ, ಸ್ನಾನದ ಮನೆಯ ಪಂಖ, ಬಟ್ಟೆ ಒಣಗಿಸುವ ಯಂತ್ರ ಎಲ್ಲವೂ ಮನೆಯ ಗಾಳಿಯನ್ನು ಹೊರಕ್ಕೆ ದಬ್ಬುತ್ತಿರುತ್ತವೆ. ಹೋದ ಗಾಳಿಯ ಬದಲಿಗೆ ಬರುವ ಗಾಳಿಗೆ ಬೇರೆ ದಾರಿಯಿಲ್ಲದಿದ್ದರೆ ಅದು ಹೊಗೆಗೂಡಿನ ಮೂಲಕವೇ ಕೆಳಗಿಳಿಯುತ್ತದೆ. ತನ್ನೊಡನೆ ಹೊಗೆಯನ್ನೂ ಮನೆಯೊಳಕ್ಕೆ ತರುತ್ತದೆ.

ಇದನ್ನು ತಡೆಯಲು ಅಲ್ಲಿನ ರಾಷ್ಟ್ರೀಯ ಅಗ್ನಿರಕ್ಷಣಾ ಸಂಘದ 31ನೆಯ ಸಂಖ್ಯೆಯ ಮಾನದಂಡವು ಲೆಕ್ಕ ಹಾಕಿಕೊಟ್ಟಿದೆ. ಕುಲುಮೆಯನ್ನು ಚಿಕ್ಕ ಕೋಣೆಯಲ್ಲಿ ಇರಿಸಿ ಮನೆಯೊಳಗಿನ ಗಾಳಿಯನ್ನೇ ಬಳಸುವುದಾದರೆ, ಗಂಟೆಗೆ ಒಂದು ಗ್ಯಾಲನ್ ಎಣ್ಣೆ ಸುಡುವ ಯಂತ್ರಕ್ಕೆ ಒಂದೊಂದೂ ಸುಮಾರು 140 ಚದರ ಅಂಗುಲದ ಎರಡು ಕಿಂಡಿಗಳು ಬೇಕು: ಒಂದು ಮೇಲೆ, ಒಂದು ಕೆಳಗೆ. ಅಂದರೆ ಒಂದೊಂದು ಕಿಂಡಿಯೂ ಅಡಿಗೆ ಅಡಿಯಷ್ಟು ದೊಡ್ಡದು. ಚಳಿ ಬರುತ್ತದೆಂದು ಆ ಕಿಂಡಿಗೆ ರಟ್ಟು ಬಡಿಯುವ ಗೃಹಸ್ಥರಿದ್ದಾರೆ. ಅದು ತನ್ನ ಮೂಗನ್ನು ತಾನೇ ಒತ್ತಿ ಹಿಡಿದಂತೆ. ಮನೆಯ ಗಾಳಿಯನ್ನು ಕುಲುಮೆಗೆ ಹಿಂದಿರುಗಿಸುವ ನಾಳದ ಬಾಯಿಯೂ ಕುಲುಮೆಯ ಕೋಣೆಯಲ್ಲಿ ಇರಬಾರದು; ಇದ್ದರೆ ಅದು ಬರ್ನರಿನ ಬಾಯಿಯಿಂದಲೇ ಗಾಳಿಯನ್ನು ಕಸಿಯುತ್ತದೆ.

ಹೊಗೆಗೂಡಿನ ವಿಷಯ ಇನ್ನೂ ಸೂಕ್ಷ್ಮ. ಅದರೊಳಗೆ ಮಣ್ಣಿನ ಬಿಲ್ಲೆಯ ಅಥವಾ ತುಕ್ಕು ಹಿಡಿಯದ ಉಕ್ಕಿನ ಅಸ್ತರಿ ಇರಬೇಕು. ಅದು ಮಾಡನ್ನು ಹಾಯ್ದು ಹೊರಬರುವ ಕಡೆ ಕನಿಷ್ಠ 3 ಅಡಿ ಎತ್ತರವಿರಬೇಕು. 10 ಅಡಿಯೊಳಗಿನ ಮಾಡಿನ ಯಾವುದೇ ಭಾಗಕ್ಕಿಂತ 2 ಅಡಿ ಮೇಲಿರಬೇಕು. ಇಲ್ಲವಾದರೆ ಗಾಳಿ ಸುಳಿಗಟ್ಟಿ ಹೊಗೆಯನ್ನು ಹಿಂದಕ್ಕೆ ನೂಕುತ್ತದೆ. ಕುಲುಮೆಯಿಂದ ಗೂಡಿಗೆ ಹೋಗುವ ಕೊಳವೆ ಎಲ್ಲಿಯೂ ತಗ್ಗದೆ ಅಡಿಗೆ ಕಾಲು ಅಂಗುಲದಂತೆ ಏರುತ್ತಲೇ ಹೋಗಬೇಕು. ಗೂಡಿನ ಸೆಳೆತ ಹವಾಮಾನಕ್ಕೆ ತಕ್ಕಂತೆ ಏರಿಳಿಯುವುದರಿಂದ ಅದನ್ನು ಸಮಸ್ಥಿತಿಯಲ್ಲಿಡಲು ಕೊಳವೆಯಲ್ಲಿ ತಾನಾಗಿ ತೂಗುವ ಒಂದು ಬಾಗಿಲನ್ನು ಕೂರಿಸುತ್ತಾರೆ. ಜ್ವಾಲೆಯ ಮೇಲಿನ ಸೆಳೆತ ನೀರಿನ ಮಟ್ಟದಲ್ಲಿ ಅಂಗುಲದ ನೂರನೆಯ ಒಂದೆರಡು ಭಾಗದಷ್ಟು ಇದ್ದರೆ ಸಾಕು. ಇಷ್ಟು ಸಣ್ಣ ಬಲವನ್ನು ಕಣ್ಣಂದಾಜಿನಿಂದ ಅಳೆಯಲಾಗದು. ಅಳೆಯುವ ಉಪಕರಣವಿಲ್ಲದೆ, ಜ್ವಾಲೆಯ ಬಣ್ಣ ನೋಡಿ 'ಚೆನ್ನಾಗಿ ಉರಿಯುತ್ತಿದೆ' ಎನ್ನುವ ಕೆಲಸಗಾರನನ್ನು ನಂಬಬಾರದು. ನಿಜವಾದ ತಂತ್ರಜ್ಞನು ಹೊಗೆಯನ್ನು ಬಿಳಿಯ ಕಾಗದದ ಮೂಲಕ ಎಳೆದು, 0ಯಿಂದ 9ರವರೆಗಿನ ಕಪ್ಪುಛಾಯೆಗಳ ಪಟ್ಟಿಯೊಡನೆ ಹೋಲಿಸಿ, 0 ಅಥವಾ ಅದರ ಸಮೀಪ ಬರುವಂತೆ ಗಾಳಿಯನ್ನು ಸರಿಪಡಿಸಿ, ಅಂಕಿಗಳನ್ನು ಚೀಟಿಯಲ್ಲಿ ಬರೆದು ಯಂತ್ರಕ್ಕೆ ತೂಗಹಾಕಿ ಹೋಗುತ್ತಾನೆ.

ಕುಲುಮೆ ದೊಡ್ಡದಿದ್ದಷ್ಟೂ ಒಳ್ಳೆಯದೆಂಬುದು ನಮ್ಮವರಲ್ಲಿ ಬೇರೂರಿದ ಭ್ರಮೆ. ಗೋಡೆ, ಕಿಟಕಿ, ಮಾಡುಗಳಿಂದ ಸೋರುವ ಶಾಖವನ್ನು ಲೆಕ್ಕ ಹಾಕಿ ಅದಕ್ಕೆ ತಕ್ಕ ಯಂತ್ರವನ್ನೇ ಆರಿಸಬೇಕು. ಅತಿ ದೊಡ್ಡದು ಕ್ಷಣ ಉರಿದು, ಆರಿ, ಮತ್ತೆ ಹೊತ್ತುತ್ತದೆ. ಪ್ರತಿ ಸಲ ಹೊತ್ತುವಾಗಲೂ ಮಸಿ ಕೂಡುತ್ತದೆ. ಗೂಡು ಬಿಸಿಯಾಗುವಷ್ಟರಲ್ಲಿ ಉರಿ ನಿಂತು, ಆವಿ ತಣಿದು, ಆಮ್ಲಯುಕ್ತ ನೀರಾಗಿ ಅಸ್ತರಿಯನ್ನು ತಿನ್ನುತ್ತದೆ.

ಇನ್ನು ಎಣ್ಣೆ. ಇದು ನಮ್ಮ ಡೀಸೆಲ್ಲಿಗೆ ಹತ್ತಿರದ ಬಂಧು. ತೆರಿಗೆಯ ಗುರುತಿಗಾಗಿ ಕೆಂಪು ಬಣ್ಣ ಬೆರೆಸಿರುತ್ತಾರೆ. ಪೆಟ್ರೋಲಿನಂತೆ ಥಟ್ಟನೆ ಹೊತ್ತುವ ದ್ರವವಲ್ಲ. ಪೆಟ್ರೋಲನ್ನು ಈ ಯಂತ್ರಕ್ಕೆ ಎಂದಿಗೂ ಹಾಕಕೂಡದು. ಮನೆಗಳಲ್ಲಿ ಸಾಮಾನ್ಯವಾಗಿ 275 ಗ್ಯಾಲನ್, ಅಂದರೆ ಸುಮಾರು 1,040 ಲೀಟರು ಹಿಡಿಯುವ ಉಕ್ಕಿನ ಟಾಕಿ ಇರುತ್ತದೆ. ತುಂಬಿದಾಗ ಅದರ ಭಾರ ಸುಮಾರು ಒಂದು ಟನ್ನು. ಆದ್ದರಿಂದ ಅದರ ನಾಲ್ಕು ಕಾಲುಗಳ ಕೆಳಗೆ ಗಟ್ಟಿ ನೆಲವಿರಬೇಕು. ಟಾಕಿಗೂ ಉರಿಗೂ ಕನಿಷ್ಠ 5 ಅಡಿ ಅಂತರವಿರಬೇಕು. ತುಂಬುವ ಕೊಳವೆ, ಗಾಳಿ ಬಿಡುವ ಕೊಳವೆ ಎರಡೂ ಮನೆಯ ಹೊರಗೆ ತೆರೆಯಬೇಕು. ಗಾಳಿಯ ಕೊಳವೆಯಲ್ಲಿ ಒಂದು ಸೀಟಿ ಇರುತ್ತದೆ. ಎಣ್ಣೆ ತುಂಬುತ್ತಿರುವಷ್ಟು ಹೊತ್ತು ಅದು ಕೂಗುತ್ತದೆ. ಟಾಕಿ ತುಂಬಿದೊಡನೆ ಮೌನವಾಗುತ್ತದೆ. ಕೂಗು ಕೇಳಿಸದಿದ್ದರೆ ಎಣ್ಣೆಯವನು ತುಂಬಲೇಬಾರದೆಂದು ಪದ್ಧತಿ.

ಟಾಕಿಯಿಂದ ಬರ್ನರಿಗೆ ಹೋಗುವ ತಾಮ್ರದ ಕೊಳವೆಯ ಕೀಲುಗಳು ತುದಿಯನ್ನು ಅಗಲಿಸಿ ಕೂಡಿಸಿದ ಬಗೆಯವಾಗಿರಬೇಕು. ಬರಿಯ ಬಳೆ ಬಿಗಿದು ಒತ್ತಿ ಕೂಡಿಸುವ ಕೀಲಿಗೆ ನಿಷೇಧವಿದೆ. ಆ ಕೊಳವೆಯನ್ನು ಕಾಂಕ್ರೀಟಿನಲ್ಲಿ ಹಾಗೆಯೇ ಹುದುಗಿಸಿದರೆ ಕೆಲವು ವರ್ಷಗಳಲ್ಲಿ ಅದು ತೂತು ಬಿದ್ದು, ಎಣ್ಣೆಯು ಗುಪ್ತವಾಗಿ ನೆಲಕ್ಕಿಳಿಯುತ್ತದೆ. ಕುಡಿಯುವ ನೀರು ಕೆಡುವುದು, ಮಣ್ಣು ಅಗೆಸಿ ಸಾಗಿಸುವ ವೆಚ್ಚ ಮನೆಯವರ ಬೆನ್ನು ಮುರಿಯುವುದು ಇಲ್ಲಿಂದಲೇ. ಈ ಕಾರಣಕ್ಕಾಗಿ ಮ್ಯಾಸಚೂಸೆಟ್ಸ್ ಸಂಸ್ಥಾನವು 2008ರ ಶಾಸನವೊಂದರಿಂದ, ಹಳೆಯ ಮನೆಗಳಲ್ಲಿಯೂ ಆ ಕೊಳವೆಗೆ ರಕ್ಷಾಕವಚವನ್ನಾಗಲಿ ಸೋರಿಕೆ ತಡೆಯುವ ಕವಾಟವನ್ನಾಗಲಿ ಕಡ್ಡಾಯ ಮಾಡಿತು. 2011ರ ಸೆಪ್ಟೆಂಬರ್ ಕೊನೆಯವರೆಗೆ ಗಡುವು ಕೊಟ್ಟಿತ್ತು. ಹಳೆಯ ಟಾಕಿಯನ್ನು ತೆಗೆಸಿದವರು ಗೋಡೆಯ ಹೊರಗಿನ ತುಂಬುವ ಕೊಳವೆಯನ್ನೂ ಆ ದಿನವೇ ಕೀಳಿಸಬೇಕು. ಟಾಕಿಯಿಲ್ಲದ ಕೊಳವೆಗೆ ಯಾರೋ ವಿಳಾಸ ತಪ್ಪಿ ಎಣ್ಣೆ ಸುರಿದರೆ ನೆಲಮಾಳಿಗೆಯೇ ಟಾಕಿಯಾಗುತ್ತದೆ.

ಬೆಂಕಿಯ ಶಾಖಕ್ಕೆ ಕರಗಿ ಎಣ್ಣೆಯನ್ನು ತಡೆಯುವ ಕವಾಟ, ಬರ್ನರಿನ ಮೇಲ್ಗಡೆ ವಿದ್ಯುತ್ತನ್ನು ಕಡಿಯುವ ಉಷ್ಣಸ್ವಿಚ್ಚು, ಜ್ವಾಲೆ ಕಾಣದಿದ್ದರೆ ನಿಮಿಷದೊಳಗೆ ಯಂತ್ರವನ್ನು ನಿಲ್ಲಿಸುವ ಬೆಳಕಿನ ಕಣ್ಣು ಇವು ಯಾವುದೇ ಸ್ಥಾಪನೆಯಲ್ಲಿ ಇರಲೇಬೇಕು. ಇವನ್ನೆಲ್ಲ ಮನೆಯ ಯಜಮಾನ ತಾನೇ ಜೋಡಿಸುವಂತಿಲ್ಲ. ಮ್ಯಾಸಚೂಸೆಟ್ಸಿನಲ್ಲಿ ಪ್ರಮಾಣಪತ್ರ ಪಡೆದ ತಂತ್ರಜ್ಞನೇ ಸ್ಥಾಪಿಸಬೇಕು, ಊರಿನ ಅಗ್ನಿಶಾಮಕ ಇಲಾಖೆಯ ಅನುಮತಿಪತ್ರ ಬೇಕು. ಖರ್ಚು ಉಳಿಸಲೆಂದು ಪರಿಚಯದ ಕೈಗಾರನನ್ನು ಕರೆಯುವ ನಮ್ಮ ಪದ್ಧತಿ ಇಲ್ಲಿ ಸಲ್ಲದು.

ಎಲ್ಲವೂ ಸರಿಯಾಗಿದ್ದರೂ ಹೊರಗಿನ ಪ್ರಕೃತಿ ಕೈಕೊಡಬಹುದು. 2005ರ ಜನವರಿಯಲ್ಲಿ ಮ್ಯಾಸಚೂಸೆಟ್ಸಿನ ಪ್ಲಿಮತ್ ಎಂಬಲ್ಲಿ ಬಿದ್ದ ಹಿಮವು ಒಂದು ಮನೆಯ ಶಾಖಯಂತ್ರದ ಹೊಗೆಬಾಯಿಯನ್ನು ಮುಚ್ಚಿ, ಏಳು ವರ್ಷದ ಬಾಲಕಿ ತೀರಿಕೊಂಡಳು. ಅದರ ಫಲವಾಗಿ ಆ ಸಂಸ್ಥಾನದ ಮನೆಗಳಲ್ಲಿ ಮಾನಾಕ್ಸೈಡಿನ ಎಚ್ಚರಿಕೆಗಂಟೆ ಇರಬೇಕೆಂಬ ಕಾನೂನು 2006ರ ಮಾರ್ಚ್ 31ರಿಂದ ಜಾರಿಗೆ ಬಂದಿತು. ಹತ್ತು ಲಕ್ಷ ಭಾಗ ಗಾಳಿಯಲ್ಲಿ 400 ಭಾಗ ಈ ಅನಿಲವಿದ್ದರೆ ಗಂಟೆ 4ರಿಂದ 15 ನಿಮಿಷದೊಳಗೆ ಕೂಗಬೇಕು. 70 ಭಾಗವಿದ್ದರೆ ಒಂದರಿಂದ ನಾಲ್ಕು ತಾಸಿನೊಳಗೆ. ಪ್ರತಿ ಅಂತಸ್ತಿನಲ್ಲಿಯೂ ಮಲಗುವ ಕೋಣೆಗಳ ಸಮೀಪ ಅದು ಇರಬೇಕು.

ಮಕ್ಕಳ ಮನೆಗೆ ಹೋಗಿರುವ ಹಿರಿಯರಿಗೆ ಒಂದೆರಡು ಮಾತು ಬೇರೆಯಾಗಿ ಹೇಳಬೇಕು. ಮಗ ಸೊಸೆ ಕೆಲಸಕ್ಕೆ ಹೋದ ಹಗಲಿನಲ್ಲಿ ಕುಲುಮೆ ನಿಂತು ಮನೆ ತಣ್ಣಗಾಗುವುದುಂಟು. ಯಂತ್ರದ ಮೇಲೆ ಮರಳಿ ಚಾಲನೆ ಕೊಡುವ ಒಂದು ಗುಂಡಿ ಇದೆ. ಅದನ್ನು ಒಮ್ಮೆ ಒತ್ತಬಹುದು. ಉರಿ ಹೊತ್ತದಿದ್ದರೆ ಎರಡನೆಯ ಸಲ ಒತ್ತಬಾರದು. ಒತ್ತಿದಾಗಲೆಲ್ಲ ಉರಿಯದ ಎಣ್ಣೆ ದಹನಕೋಷ್ಠದಲ್ಲಿ ಶೇಖರವಾಗುತ್ತದೆ. ಕೊನೆಗೊಮ್ಮೆ ಕಿಡಿ ತಗುಲಿದರೆ ಅಷ್ಟೂ ಎಣ್ಣೆ ಒಮ್ಮೆಲೇ ಹೊತ್ತಿ, ಹೊಗೆಕೊಳವೆ ಕಳಚಿ, ಮನೆಯೆಲ್ಲ ಮಸಿಯಾಗುತ್ತದೆ; ಬೆಂಕಿಯೂ ಬೀಳಬಹುದು. ಹೊಸ ನಿಯಂತ್ರಕಗಳು ಕೆಲವು ಸಲದ ಮೇಲೆ ತಾವೇ ಬೀಗ ಹಾಕಿಕೊಳ್ಳುತ್ತವೆ. ಹಳೆಯವುಗಳಿಗೆ ಆ ವಿವೇಕವಿಲ್ಲ. ನೆಲಮಾಳಿಗೆಯ ಮೆಟ್ಟಿಲ ತಲೆಯಲ್ಲಿ ಕೆಂಪು ಫಲಕದ ಸ್ವಿಚ್ಚೊಂದು ಇರುತ್ತದೆ. ಹೋದ ದಿನವೇ ಅದನ್ನು ತೋರಿಸೆಂದು ಮಗನನ್ನು ಕೇಳಬೇಕು. ಎಣ್ಣೆಯ ವಾಸನೆ, ಗುಡುಗಿನ ಸದ್ದು, ಹೊಗೆ ಏನೇ ಕಂಡರೂ ಕೆಳಗಿಳಿಯದೆ ಅದನ್ನು ಆರಿಸಿ ಹೊರಗೆ ಬರಬೇಕು. ಎಚ್ಚರಿಕೆಗಂಟೆ ಕೂಗಿದರಂತೂ ಸ್ವಿಚ್ಚಿಗೂ ಕಾಯದೆ, ಶಾಲು ಹೊದ್ದು, ಮೊಮ್ಮಕ್ಕಳನ್ನು ಎತ್ತಿಕೊಂಡು ಹೊರಬಿದ್ದು, 911ಕ್ಕೆ ದೂರವಾಣಿ ಮಾಡಬೇಕು. ಅಗ್ನಿಶಾಮಕದವರು ಬಂದು ಅಳೆದು ಹೇಳುವವರೆಗೆ, ಹಿಮ ಬೀಳುತ್ತಿದ್ದರೂ ಒಳಗೆ ಕಾಲಿಡಬಾರದು.