ಎಸ್ಟೇಟ್ ವೈನ್ ಎಂದರೇನು? ರಿಯೋಹಾದಿಂದ ನಂದಿ ತಪ್ಪಲಿನವರೆಗೆ

ವೈನ್ ಬಾಟಲಿಯ ಮೇಲೆ 'ಎಸ್ಟೇಟ್' ಎಂಬ ಪದ ಕಂಡರೆ ಅದು ಬೆಲೆ ಏರಿಸಲು ಅಂಟಿಸಿದ ಅಲಂಕಾರವೆಂದು ಭಾವಿಸುವವರು ಅನೇಕ. ವಾಸ್ತವದಲ್ಲಿ ವೈನ್ ಲೋಕದಲ್ಲಿ ಆ ಪದಕ್ಕೆ ಒಪ್ಪಿತ ಅರ್ಥವಿದೆ. ಬಳ್ಳಿ ಬೆಳೆಸುವುದು, ಹಣ್ಣು ಕೊಯ್ಯುವುದು, ರಸವನ್ನು ಹುದುಗಿಸಿ ಬಾಟಲಿಗೆ ತುಂಬುವುದು, ಇವೆಲ್ಲವೂ ಒಬ್ಬರದೇ ಹೊಣೆಯಲ್ಲಿ ನಡೆದಿರಬೇಕು. ವೈನ್ ಕೆಟ್ಟರೆ ದೂರಲು ಬೇರೆ ಯಾರೂ ಇರುವುದಿಲ್ಲ.

ಸ್ಪೇನಿನ ಕಟ್ಟಳೆ

ಈ ಪದ್ಧತಿಗೆ ಉತ್ತರ ಸ್ಪೇನಿನ ರಿಯೋಹಾ ಪ್ರಾಂತ್ಯ ಹೆಸರುವಾಸಿ. ತಲೆಮಾರುಗಳಿಂದ ದ್ರಾಕ್ಷಿ ಬೆಳೆಯುತ್ತ ಬಂದ ಕುಟುಂಬಗಳು ಅಲ್ಲಿವೆ. ಮುಖ್ಯ ತಳಿ ಟೆಂಪ್ರಾನಿಲ್ಲೊ. ಬೇಗ ಮಾಗುವುದರಿಂದ ಆ ಹೆಸರು. ಅಲ್ಲಿನ ಕೆಂಪು ವೈನ್ 'ರಿಸರ್ವಾ' ಎನಿಸಿಕೊಳ್ಳಲು ಕನಿಷ್ಠ 3 ವರ್ಷ ಹಳೆಯದಾಗಬೇಕು. ಅದರಲ್ಲಿ 1 ವರ್ಷವನ್ನಾದರೂ ಓಕ್ ಮರದ ಪೀಪಾಯಿಯಲ್ಲಿ ಕಳೆದಿರಬೇಕು. 'ಗ್ರಾನ್ ರಿಸರ್ವಾ'ಕ್ಕೆ 5 ವರ್ಷ ಬೇಕು. ಪೀಪಾಯಿಯ ಗಾತ್ರ ಸಾಮಾನ್ಯವಾಗಿ 225 ಲೀಟರ್, ಅಂದರೆ 300 ಬಾಟಲಿ.

ನಮ್ಮ ನೆಲದಲ್ಲಿ

ಕರ್ನಾಟಕದಲ್ಲಿ ಈ ಹಾದಿ ತುಳಿದ ಮೊದಲಿಗರಲ್ಲಿ ಕನ್ವಲ್ ಗ್ರೋವರ್ ಪ್ರಮುಖರು. ಫ್ರಾನ್ಸಿನ ತಜ್ಞ ಜಾರ್ಜ್ ವೆಸೆಲ್ ಅವರ ನೆರವಿನಿಂದ ದೊಡ್ಡಬಳ್ಳಾಪುರದ ಬಳಿ, ನಂದಿ ಬೆಟ್ಟದ ತಪ್ಪಲಿನಲ್ಲಿ, ಫ್ರೆಂಚ್ ತಳಿಗಳನ್ನು ನೆಡಿಸಿದರು. ಕುಟುಂಬದ ಉದ್ಯಮವಾಗಿ ಬೆಳೆದ ಈ ಸಂಸ್ಥೆ 2012ರಲ್ಲಿ ನಾಸಿಕ್ ಮೂಲದ ಕಂಪನಿಯೊಂದಿಗೆ ವಿಲೀನಗೊಂಡು ಗ್ರೋವರ್ ಜಂಪಾ ಆಯಿತು. ಹಂಪಿ ಸೀಮೆಯಲ್ಲಿ ಕೃಷ್ಣಪ್ರಸಾದ್ ಹಾಗೂ ಉಮಾ ಚಿಗುರುಪಾಟಿ ದಂಪತಿ ಕಟ್ಟಿದ ಕ್ರಿಸ್ಮಾ ಎಸ್ಟೇಟ್ ಕುಟುಂಬದ ತೋಟಕ್ಕೆ ಇನ್ನೊಂದು ನಿದರ್ಶನ. 2007ರಲ್ಲಿ ರಾಜ್ಯ ಸರ್ಕಾರ ಪ್ರತ್ಯೇಕ ವೈನ್ ನೀತಿಯನ್ನೇ ಪ್ರಕಟಿಸಿತು.

ಬಳ್ಳಿಗೆ ನಿದ್ರೆಯಿಲ್ಲ

ಸ್ಪೇನಿನಲ್ಲಿ ಚಳಿಗಾಲ ಬಂದೊಡನೆ ಬಳ್ಳಿ ಎಲೆ ಉದುರಿಸಿ ಮಲಗುತ್ತದೆ. ಕೊಯ್ಲು ಹೆಚ್ಚಾಗಿ ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ನಮ್ಮ ಹವೆಯಲ್ಲಿ ಅದಕ್ಕೆ ಆ ನಿದ್ರೆಯಿಲ್ಲ. ಹಾಗಾಗಿ ವರ್ಷಕ್ಕೆ ಎರಡು ಬಾರಿ ಸವರಬೇಕು. ವಿಜಯಪುರದ ರೈತರು ಇದನ್ನು ಚಾಟನಿ ಎನ್ನುತ್ತಾರೆ. ಬೇಸಿಗೆಯ ಚಾಟನಿ ಕಡ್ಡಿ ಬಲಿಯಲು, ಮಳೆಗಾಲದ ಕೊನೆಯದು ಫಲ ಕಟ್ಟಲು. ಕೊಯ್ಲು ಫೆಬ್ರುವರಿ, ಮಾರ್ಚಿನ ಹೊತ್ತಿಗೆ.

ಕೆಂಪು ಬಣ್ಣ ಬರುವುದು ರಸದಿಂದಲ್ಲ, ಸಿಪ್ಪೆಯಿಂದ. ಜಜ್ಜಿದ ಹಣ್ಣನ್ನು ಸಿಪ್ಪೆ ಸಹಿತ ಹುದುಗಿಸಿದಾಗ ಬಣ್ಣವೂ ಟ್ಯಾನಿನ್‌ನ ಒಗರೂ ರಸಕ್ಕಿಳಿಯುತ್ತವೆ. ಯೀಸ್ಟ್ ಸಕ್ಕರೆಯನ್ನು ಮದ್ಯಸಾರವಾಗಿಸುತ್ತದೆ. ಒಂದು ಬಾಟಲಿಗೆ ಒಂದು ಕಿಲೋಗಿಂತ ತುಸು ಹೆಚ್ಚು ಹಣ್ಣು ಬೇಕು.

ಯಾರ ಹೆಗಲಿಗೆ ಹೊರೆ?

ಬೆಂಗಳೂರು ನೀಲಿ ದ್ರಾಕ್ಷಿ ಬೆಳೆಯುವ ರೈತ ಹಣ್ಣು ಕೊಯ್ದ ವಾರದಲ್ಲೇ ಮಾರುಕಟ್ಟೆಯಲ್ಲಿ ಹಣ ಎಣಿಸಬಲ್ಲ. ಎಸ್ಟೇಟಿನ ಲೆಕ್ಕ ಬೇರೆ. ಬಳ್ಳಿ ಫಲ ಕೊಡಲು ಸುಮಾರು 3 ವರ್ಷ, ಕೆಂಪು ವೈನ್ ಹದಗೊಳ್ಳಲು ಮತ್ತೆ ಒಂದೆರಡು ವರ್ಷ. ಅಷ್ಟು ಕಾಲ ಸಾಲ, ಕೂಲಿ, ಕೊಳವೆಬಾವಿಯ ಖರ್ಚು ನಿಲ್ಲದು. ಕೊಯ್ಲಿನ ವೇಳೆ ಒಂದು ಅಕಾಲಿಕ ಮಳೆ ಸುರಿದರೆ ಇಡೀ ವರ್ಷದ ವೈನ್ ನೀರಾಗುತ್ತದೆ. ಮಧುಗಿರಿ, ಪಾವಗಡದಂಥ ಬರದ ಸೀಮೆಯ ರೈತನಿಗೆ ಐದು ವರ್ಷದ ಕಾಯುವಿಕೆ ಸಣ್ಣ ಮಾತಲ್ಲ. ಬಂಡವಾಳವಿಲ್ಲದವರಿಗೆ ಸ್ವಂತ ಎಸ್ಟೇಟಿಗಿಂತ ಖರೀದಿ ಒಪ್ಪಂದವೇ ಸುರಕ್ಷಿತ. ಆದರೆ ಲಿಖಿತ ಬೆಲೆಯಿಲ್ಲದ ಒಪ್ಪಂದ ಅದಕ್ಕಿಂತಲೂ ಅಪಾಯಕಾರಿ.

ಕೊಳ್ಳುವವರು ಗಮನಿಸಬೇಕಾದದ್ದು ಮೂರು: ದ್ರಾಕ್ಷಿ ಎಲ್ಲಿ ಬೆಳೆಯಿತು, ಯಾವ ವರ್ಷ ಕೊಯ್ದದ್ದು, ಬಾಟಲಿಗೆ ತುಂಬಿದವರು ಯಾರು. ಮೂರಕ್ಕೂ ಒಂದೇ ವಿಳಾಸದತ್ತ ಬೆರಳು ತೋರುವ ಬಾಟಲಿಯೇ ನಿಜವಾದ ಎಸ್ಟೇಟ್ ವೈನ್.