ಹಾವು ಸಾಕುವವರ ಮನೆಯ ಬಿಳಿ ಇಲಿಗಳು

ಹಾವು ಸಾಕುವ ಆಸೆಯಿರುವವರು ಮೊದಲು ಇಲಿ ಸಾಕುವುದನ್ನು ಕಲಿಯಬೇಕು. ನಾಗರ, ಕೇರೆ, ಹೆಬ್ಬಾವುಗಳನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಆಫ್ರಿಕಾ ಮೂಲದ ಬಾಲ್ ಪೈಥಾನ್‌ನಂಥ ವಿದೇಶಿ ಹಾವಿದ್ದರೆ, 2022ರ ತಿದ್ದುಪಡಿ ಮತ್ತು 2024ರ ನಿಯಮಗಳ ಪ್ರಕಾರ ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಲೇಬೇಕು. ಗುಜರಾತಿನ ಅಹಮದಾಬಾದ್, ವಡೋದರಾ, ಸೂರತ್‌ಗಳಲ್ಲಿ ಹೀಗೆ ಕಾನೂನುಬದ್ಧವಾಗಿ ಹಾವು ಸಾಕುವವರ ಮುಂದೆ ಆಮೇಲೆ ನಿಲ್ಲುವುದು ಊಟದ ಪ್ರಶ್ನೆ. ನಾಗಪಂಚಮಿಗೆ ಎರೆಯುವ ಹಾಲು ಹಾವಿನ ಆಹಾರವೇ ಅಲ್ಲ; ಎಲುಬು, ಯಕೃತ್ತು, ತುಪ್ಪಟ ಎಲ್ಲ ಸೇರಿದ ಇಡೀ ಇಲಿಯೇ ಅದರ ಪೂರ್ಣಾಹಾರ.

ಊರ ತುಂಬ ಇಲಿಗಳಿರುವಾಗ ಬೋನಿಟ್ಟು ಹಿಡಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಇದಕ್ಕೆ ಸೂರತ್‌ನ ಅನುಭವವೇ ಉತ್ತರ ಹೇಳುತ್ತದೆ. 1994ರ ಸೆಪ್ಟೆಂಬರ್‌ನಲ್ಲಿ ಪ್ಲೇಗ್ ಸುದ್ದಿಗೆ ಲಕ್ಷಾಂತರ ಜನ ಆ ನಗರವನ್ನು ತೊರೆದರು. ಆ ರೋಗಾಣುವನ್ನು ದಾಟಿಸುವುದು ಇಲಿಯ ಮೈಮೇಲಿನ ಚಿಗಟ. ದಕ್ಷಿಣ ಗುಜರಾತಿನ ಗದ್ದೆ ಬಯಲಿನಲ್ಲಿ ಮಳೆಗಾಲದ ಇಲಿಜ್ವರ ಇಂದಿಗೂ ಕಾಡುತ್ತದೆ. ಬೀದಿ ಇಲಿ ಪಾಷಾಣ ತಿಂದಿದ್ದರೆ ಅದನ್ನು ನುಂಗಿದ ಹಾವಿಗೂ ವಿಷವೇರಬಹುದು. ಹಿಡಿದು ತಂದವರ ಕೈಗೆ ಕಚ್ಚಿದರಂತೂ ಆಸ್ಪತ್ರೆಯೇ ಗತಿ. ಹಾಗಾಗಿ ಮನೆಯಲ್ಲೇ ಬೆಳೆಸಿದ ಬಿಳಿ ಇಲಿಯೇ ಸುರಕ್ಷಿತ.

ಈ ಕೆಲಸ ಕಷ್ಟದ್ದಲ್ಲ, ಆದರೆ ಅಸಡ್ಡೆಯನ್ನು ಸಹಿಸುವುದಿಲ್ಲ. ಹೆಣ್ಣಿಲಿ ಮೂರು ವಾರಕ್ಕೆ ಈಯುತ್ತದೆ, ಸಾಮಾನ್ಯವಾಗಿ ಎಂಟರಿಂದ ಹನ್ನೆರಡು ಮರಿ. ಎರಡು ವಾರಕ್ಕೆ ಮರಿಗಳ ಕಣ್ಣು ತೆರೆಯುತ್ತವೆ, ಮೂರು ವಾರಕ್ಕೆ ಹಾಲು ಬಿಡುತ್ತವೆ. ಐದನೆಯ ವಾರದೊಳಗೆ ಗಂಡು ಹೆಣ್ಣು ಬೇರೆ ಮಾಡದಿದ್ದರೆ ಎಳೆಯ ಮರಿಗಳೇ ಬಸಿರಾಗುತ್ತವೆ. ಹಾಸಿಗೆ ಒದ್ದೆಯಾಗಿ ಅಮೋನಿಯಾ ವಾಸನೆ ಹಬ್ಬಿದರೆ ಶ್ವಾಸಕೋಶ ಕೆಡುತ್ತದೆ. ಇಲಿ ಸೀನುತ್ತದೆ, ಕಣ್ಣು ಮೂಗಿನ ಸುತ್ತ ಕೆಂಪು ಕಲೆ ಕಟ್ಟುತ್ತದೆ. ಶೇಂಗಾ ಸಮೃದ್ಧವಾಗಿರುವ ನಾಡೆಂದು ಬೂಷ್ಟು ಹಿಡಿದ ಬೀಜ ಹಾಕಿದರೆ ಅಫ್ಲಾಟಾಕ್ಸಿನ್ ಯಕೃತ್ತನ್ನು ತಿನ್ನುತ್ತದೆ. ಎಲ್ಲಕ್ಕಿಂತ ದೊಡ್ಡ ಶತ್ರು ಬಿಸಿಲು. ಅಹಮದಾಬಾದ್‌ನಲ್ಲಿ 2016ರ ಮೇ 20ರಂದು 48 ಡಿಗ್ರಿ ದಾಖಲಾಗಿತ್ತು. ಇಲಿ ಮನುಷ್ಯನಂತೆ ಬೆವರುವುದಿಲ್ಲ, ಮೈಯ ಕಾವನ್ನು ಬಾಲದ ಮೂಲಕವೂ ಕಳೆಯುತ್ತದೆ. ತಂಪಾದ ಕೋಣೆ, ಗಾಳಿ, ಸದಾ ನೀರು ಇಲ್ಲದೆ ಅಲ್ಲಿನ ಬೇಸಿಗೆಯಲ್ಲಿ ಇಲಿ ಸಾಕುವುದು ಹಿಂಸೆಯೇ ಸರಿ.

ಜೀವದಯೆಗೆ, ಪಾಂಜರಾಪೋಳವೆಂಬ ಪ್ರಾಣಿ ಆಶ್ರಯಗಳಿಗೆ ಹೆಸರಾದ ಗುಜರಾತಿನಲ್ಲಿ ತಿನ್ನಿಸಲೆಂದೇ ಪ್ರಾಣಿ ಬೆಳೆಸುವುದು ತಪ್ಪಲ್ಲವೇ ಎಂಬ ಆಕ್ಷೇಪ ಹಗುರವಾದುದಲ್ಲ. ಹಾವಿಗೆ ಸಸ್ಯಾಹಾರ ಕಲಿಸಲಾಗದು. ಇಲಿಯ ಬಾಳನ್ನು, ಸಾವನ್ನು ಹಸನಾಗಿಸುವುದಷ್ಟೇ ನಮ್ಮ ಕೈಯಲ್ಲಿದೆ. ಇಲಿಗಳು ಗುಂಪಿನಲ್ಲಿ ಬದುಕುವ ಜೀವಿಗಳಾದ್ದರಿಂದ ಒಂಟಿಯಾಗಿಡಬಾರದು. ಕಡಿಯಲು ಮರದ ತುಂಡು, ಅಡಗಲು ಮರೆ ಬೇಕು. ಜೀವಂತ ಇಲಿಯನ್ನು ಹಾವಿನ ಪೆಟ್ಟಿಗೆಗೆ ಬಿಡುವುದು ಎರಡಕ್ಕೂ ಅನ್ಯಾಯ, ಹೆದರಿದ ಇಲಿ ಹಾವನ್ನೇ ಕಚ್ಚಿ ಗಾಯಗೊಳಿಸಬಹುದು. ಪಶುವೈದ್ಯರಿಂದ ಕಲಿತು ನೋವಾಗದಂತೆ ಕೊಂದು, ಫ್ರೀಜರಿನಲ್ಲಿಟ್ಟು, ಕರಗಿಸಿ ಬೆಚ್ಚಗೆ ಮಾಡಿ ಕೊಟ್ಟರೆ ಹೆಚ್ಚಿನ ಹಾವುಗಳು ಒಪ್ಪಿಕೊಳ್ಳುತ್ತವೆ. ಇಷ್ಟು ಜವಾಬ್ದಾರಿ ಹೊರಲಾಗದವರು ದಯವಿಟ್ಟು ಹಾವು ತರಬೇಡಿ.